ವಿಮಾನ ಪುಕ್ಕಟೆ, ಗೇಟಿನವರೆಗಿನ ದಾರಿ ನಿಮ್ಮದು

"ಕಾರು ಡೋವರ್‌ನಲ್ಲಿದೆ, ನಾವು ಚಾರ್ಲ್‌ಸ್ಟನ್‌ನಲ್ಲಿ ಇಳಿದಿದ್ದೇವೆ. ಈಗ ಏನ್ಮಾಡೋದು?"

ಫೋನ್ ಮಾಡಿದವರು ಅಮೆರಿಕದ ಸೇನೆಯಿಂದ ನಿವೃತ್ತರಾದ ಒಬ್ಬ ಹಿರಿಯರು. ಹೆಂಡತಿಯ ಜೊತೆ ಜರ್ಮನಿಗೆ ಹೋಗಿದ್ದರು. ಹೋಗುವಾಗ ಡೆಲವೇರ್ ರಾಜ್ಯದ ಡೋವರ್ ವಾಯುನೆಲೆಯಲ್ಲಿ ಕಾರು ನಿಲ್ಲಿಸಿದ್ದರು. ಬರುವಾಗ ಡೋವರ್‌ಗೆ ಹೋಗುವ ವಿಮಾನಕ್ಕೆ ನಾಲ್ಕು ದಿನ ಕಾದರು. ಕೊನೆಗೆ ಸೀಟು ಸಿಕ್ಕಿದ್ದು ಸೌತ್ ಕೆರೊಲಿನಾದ ಚಾರ್ಲ್‌ಸ್ಟನ್‌ಗೆ ಹೊರಟ ವಿಮಾನದಲ್ಲಿ. ಕಾರಿಗೂ ಅವರಿಗೂ ನಡುವೆ ಸುಮಾರು 900 ಕಿಲೋಮೀಟರ್ ದೂರ.

ಇಂಥ ಫೋನ್ ನನಗೆ ಹೊಸದಲ್ಲ. ಸೇನಾ ಕುಟುಂಬಗಳ ಪ್ರಯಾಣ ಹೊಂದಿಸಿಕೊಡುವುದೇ ನನ್ನ ಕೆಲಸ. ನನ್ನ ಗಂಡನೂ ಏರ್‌ಫೋರ್ಸಿನಿಂದ ನಿವೃತ್ತರು. ಹಾಗಾಗಿ ಈ ಪಾಡು ನಾನೂ ಪಟ್ಟಿದ್ದೇನೆ.

ಗೊತ್ತಿಲ್ಲದವರಿಗೆ ಎರಡು ಮಾತು. ಅಮೆರಿಕದ ಸೇನಾ ವಿಮಾನಗಳು ಸರಕು, ಸಿಬ್ಬಂದಿ ಹೊತ್ತು ಒಂದು ನೆಲೆಯಿಂದ ಇನ್ನೊಂದಕ್ಕೆ ಓಡಾಡುತ್ತಲೇ ಇರುತ್ತವೆ. ಅವುಗಳಲ್ಲಿ ಸೀಟು ಉಳಿದರೆ ರಜೆಯಲ್ಲಿರುವ ಸೈನಿಕರು, ನಿವೃತ್ತರು, ಅವರ ಮನೆಯವರು ಪುಕ್ಕಟೆ ಹತ್ತಬಹುದು. ಇದನ್ನೇ ಸ್ಪೇಸ್-ಎ (ಸ್ಪೇಸ್ ಅವೈಲಬಲ್, ಜಾಗ ಇದ್ದರೆ) ಅನ್ನುತ್ತಾರೆ. ಸಾಲಿನಲ್ಲಿ ಆರು ವರ್ಗಗಳಿವೆ. ಮನೆಯಲ್ಲಿ ಸಾವು, ಕಾಯಿಲೆ ಅಂತ ತುರ್ತು ರಜೆಯಲ್ಲಿ ಹೊರಟವರು ಮೊದಲನೆಯ ವರ್ಗ. ಮಾಮೂಲಿ ರಜೆಯ ಸೈನಿಕರು ಮೂರನೆಯದು. ನಿವೃತ್ತರು ಆರನೆಯದು, ಅಂದರೆ ಎಲ್ಲರಿಗಿಂತ ಹಿಂದೆ. ಒಮ್ಮೆ ಹೆಸರು ಬರೆಸಿದರೆ ನಿವೃತ್ತರಿಗೆ 60 ದಿನ ಊರ್ಜಿತ. ಹೊರಡುವ ವಿಮಾನಗಳ ಪಟ್ಟಿ 72 ಗಂಟೆ ಮುಂಚೆ ಬರುತ್ತದೆ. ಅದೂ ಬದಲಾಗುತ್ತದೆ. ಟರ್ಮಿನಲ್‌ಗೆ ಹೋಗಿ ಹಾಜರಿ ಹಾಕಿಸಬೇಕು, ರೋಲ್ ಕಾಲ್‌ನಲ್ಲಿ ಹೆಸರು ಕೂಗಿದಾಗ ಎದುರಿಗಿರಬೇಕು. ಐದು ನಿಮಿಷ ತಡವಾದರೂ ಸೀಟು ಹಿಂದಿನವರ ಪಾಲು.

ನಮ್ಮೂರಿನ ಬಸ್‌ಸ್ಟ್ಯಾಂಡಿನಲ್ಲಿ ಕಂಡಕ್ಟರ್ ಬಾಗಿಲಲ್ಲಿ ನಿಂತು "ಎರಡೇ ಸೀಟು, ಎರಡೇ ಸೀಟು" ಅಂತ ಕೂಗುತ್ತಾರಲ್ಲ, ಹೆಚ್ಚೂಕಡಿಮೆ ಹಾಗೆ. ಆದರೆ ಈ ಬಸ್ಸು ಯಾವೂರಿಗೆ ಹೋಗುತ್ತದೆ ಅನ್ನುವುದೂ ಆವತ್ತೇ ಖಾತ್ರಿಯಾಗುವುದು.

ಅದಕ್ಕೇ ನಾನು ಎಲ್ಲರಿಗೂ ಹೇಳುವುದು, ಕಾರನ್ನು ಮನೆಯಲ್ಲೇ ಬಿಡಿ. ಕಾರು ಒಂದು ನೆಲೆಯಲ್ಲಿ ನಿಂತಿದ್ದರೆ ನೀವೂ ಆ ನೆಲೆಗೆ ಕಟ್ಟಿಬಿದ್ದ ಹಾಗೆ. ಬೇರೆ ಊರಿಗೆ ಸೀಟು ಇದ್ದರೂ ಬೇಡ ಅಂತ ಕೂರುತ್ತೀರಿ. ಹೋಟೆಲ್ ಬಾಡಿಗೆ ಏರುತ್ತದೆ. ರೈಲು, ಬಸ್ಸು ನಂಬಿಕೊಂಡವರು ಯಾವ ವಿಮಾನ ಬಂದರೂ ಹತ್ತುತ್ತಾರೆ.

ಆದರೆ ಬಸ್ಸು, ರೈಲು ನಿಮ್ಮನ್ನು ಊರಿನವರೆಗೆ ತಂದು ಬಿಡುತ್ತವೆ, ಟರ್ಮಿನಲ್‌ವರೆಗೆ ಅಲ್ಲ. ಕಷ್ಟ ಇರುವುದು ಆ ಕೊನೆಯ ಮೂರ್ನಾಲ್ಕು ಮೈಲಿಯಲ್ಲಿ. ಊಬರ್ ಕರೆದರೆ ಡ್ರೈವರ್ ಹತ್ತಿರ ನೆಲೆಯೊಳಗೆ ಹೋಗುವ ಪಾಸ್ ಇರದೇ ಹೋಗಬಹುದು. ಆಗ ಗೇಟಿನಲ್ಲೇ ಇಳಿಸಿ ಹೊರಟುಬಿಡುತ್ತಾರೆ. ಕೆಲವು ನೆಲೆಗಳಲ್ಲಿ ಗೇಟಿನಿಂದ ಟರ್ಮಿನಲ್‌ಗೆ ನಡೆಯುವುದೇ ಒಂದು ಗಂಟೆ. ಜುಲೈ ಬಿಸಿಲಲ್ಲಿ ಸೂಟ್‌ಕೇಸ್ ಎಳೆದುಕೊಂಡು ಹೋಗುವ ಎಪ್ಪತ್ತರ ಹಿರಿಯರನ್ನು ನೆನೆಸಿಕೊಳ್ಳಿ. ಹಿಂದಿನ ದಿನವೇ ಟರ್ಮಿನಲ್‌ಗೆ ಫೋನ್ ಮಾಡಿ ಮೂರು ವಿಷಯ ಕೇಳಿ. ಒಳಗೆ ಬರಬಲ್ಲ ಟ್ಯಾಕ್ಸಿ ಯಾವುದು, ನೆಲೆಯ ಶಟಲ್ ಬಸ್ ಇದೆಯಾ, ರಾತ್ರಿ ಟರ್ಮಿನಲ್ ಬಾಗಿಲು ಹಾಕುತ್ತಾರಾ. ಮೂರನೆಯದನ್ನು ಜಾಸ್ತಿ ಜನ ಕೇಳುವುದೇ ಇಲ್ಲ. ಬೆಂಚಿನ ಮೇಲೆ ಮಲಗಿದರಾಯಿತು ಅಂದುಕೊಂಡು ಹೋಗಿ ಹೊರಗೆ ನಿಲ್ಲುತ್ತಾರೆ.

ಮೊದಲ ಸಲ ಹೊರಟವರಿಗೆ ನಾನು ತೋರಿಸುವುದು ಸೇನಾ ನೆಲೆಯ ಗೇಟೇ ಇಲ್ಲದ ಎರಡು ಜಾಗ. ಬಾಲ್ಟಿಮೋರ್ ಮತ್ತು ಸಿಯಾಟಲ್‌ನ ಸಾಮಾನ್ಯ ವಿಮಾನ ನಿಲ್ದಾಣಗಳಲ್ಲೇ ಸೇನೆಯ ಕೌಂಟರ್ ಇದೆ. ಪೇಟ್ರಿಯಟ್ ಎಕ್ಸ್‌ಪ್ರೆಸ್ ಅನ್ನುವ, ಸೇನೆ ಬಾಡಿಗೆಗೆ ಪಡೆದ ವಿಮಾನಗಳು ಅಲ್ಲಿಂದ ಹೊರಡುತ್ತವೆ. ಟಿಕೆಟ್ ದುಡ್ಡಿಲ್ಲ, ಸ್ವಲ್ಪ ತೆರಿಗೆ ಮಾತ್ರ ಕಟ್ಟಬೇಕು. ಬಾಲ್ಟಿಮೋರ್‌ನಲ್ಲಿ ಲೈಟ್ ರೈಲು ಟರ್ಮಿನಲ್ ಬಾಗಿಲಿಗೇ ಬರುತ್ತದೆ. ವಾಷಿಂಗ್ಟನ್ನಿನ ಯೂನಿಯನ್ ಸ್ಟೇಷನ್ನಿನಿಂದ ಮಾರ್ಕ್ ರೈಲು ಹಿಡಿದರೆ ವಿಮಾನ ನಿಲ್ದಾಣದ ಹೆಸರಿನದೇ ಸ್ಟೇಷನ್ ಇದೆ, ಅಲ್ಲಿಂದ ಪುಕ್ಕಟೆ ಶಟಲ್. ಸಿಯಾಟಲ್‌ನಲ್ಲೂ 2009ರಿಂದ ಲಿಂಕ್ ರೈಲು ನಿಲ್ದಾಣಕ್ಕೆ ಬರುತ್ತಿದೆ.

ಕ್ಯಾಲಿಫೋರ್ನಿಯಾದ ಟ್ರಾವಿಸ್ ನೆಲೆ ಇಷ್ಟು ಸಲೀಸಲ್ಲ. ಆದರೂ ದಾರಿ ಇದೆ. ಸ್ಯಾನ್ ಫ್ರಾನ್ಸಿಸ್ಕೊದಿಂದ ಬಾರ್ಟ್ ರೈಲಿನಲ್ಲಿ ರಿಚ್ಮಂಡ್‌ಗೆ ಬನ್ನಿ. ಅದೇ ಸ್ಟೇಷನ್ನಿನಲ್ಲಿ ಕ್ಯಾಪಿಟಲ್ ಕಾರಿಡಾರ್ ರೈಲು ಸಿಗುತ್ತದೆ. 2017ರಲ್ಲಿ ಶುರುವಾದ ಫೇರ್‌ಫೀಲ್ಡ್-ವ್ಯಾಕವಿಲ್ ಸ್ಟೇಷನ್ನಿನಲ್ಲಿ ಇಳಿದರೆ ನೆಲೆ ಕೆಲವೇ ಮೈಲಿ. ಆ ಕೆಲವು ಮೈಲಿಗೆ ಟ್ಯಾಕ್ಸಿಯೇ ಗತಿ. ವಾಷಿಂಗ್ಟನ್ ಹತ್ತಿರದ ಆಂಡ್ರೂಸ್ ನೆಲೆಯ ಕಥೆಯೂ ಇದೇ. ಮೆಟ್ರೊ ಹಸಿರು ಮಾರ್ಗದ ಕೊನೆಯ ಬ್ರಾಂಚ್ ಅವೆನ್ಯೂವರೆಗೆ ರೈಲು, ಆಮೇಲೆ ಟ್ಯಾಕ್ಸಿ.

ಹವಾಯಿಯ ವಾಯುನೆಲೆ ಹಿಕಮ್‌ಗೆ ಹೋಗುವವರು ಒಂದು ವಿಷಯ ನೆನಪಿಡಿ. ಹೊನೊಲುಲುವಿನ ಸಿಟಿ ಬಸ್ಸಿನಲ್ಲಿ ದೊಡ್ಡ ಸಾಮಾನಿಗೆ ಜಾಗ ಕಷ್ಟ. ಸೇನಾ ವಿಮಾನ ಒಬ್ಬೊಬ್ಬರಿಗೆ 70 ಪೌಂಡಿನ ಎರಡು ಪೆಟ್ಟಿಗೆ ಬಿಡುತ್ತದೆ, ಅಂದರೆ ಒಂದೊಂದು ಸುಮಾರು 32 ಕೆಜಿ. ಬಿಡುತ್ತಾರೆ ಅಂತ ಹೊತ್ತುಕೊಂಡು ಹೋದರೆ ಬಸ್ಸಿನ ಡ್ರೈವರ್ ಹತ್ತಿಸದೇ ಇರಬಹುದು. ಬೆನ್ನಿಗೆ ಒಂದೇ ಚೀಲ ಸಾಕು. ಉಪ್ಪಿನಕಾಯಿ ಜಾಡಿಯ ಆಸೆ ಬಿಡಿ ಅಂತ ನಮ್ಮವರಿಗೆ ಹೇಳಿ ಹೇಳಿ ನನಗೆ ಸಾಕಾಗಿದೆ.

ದಕ್ಷಿಣ ಕೊರಿಯಾದಲ್ಲಿ ನಾನೇ ಎಡವಿದ್ದೆ. ಓಸಾನ್ ವಾಯುನೆಲೆಗೆ ಹೋಗಬೇಕಿತ್ತು. ಸಿಯೋಲ್‌ನಿಂದ ಒಂದನೇ ಲೈನ್ ಮೆಟ್ರೊ ಹತ್ತಿ ಓಸಾನ್ ಸ್ಟೇಷನ್ ಬಂದ ಕೂಡಲೇ ಖುಷಿಯಿಂದ ಇಳಿದೆ. ನೆಲೆ ಅಲ್ಲಿಲ್ಲ! ಅದಿರುವುದು ಇನ್ನೂ ಎರಡು ಸ್ಟೇಷನ್ ಮುಂದೆ, ಸೊಂಗ್ತಾನ್‌ನಲ್ಲಿ. ಊರಿನ ಹೆಸರು ಒಂದು, ನೆಲೆ ಇರುವುದು ಇನ್ನೊಂದು ಕಡೆ. ಮುಂದಿನ ರೈಲಿಗೆ ಕಾದು ಹೋಗುವಷ್ಟರಲ್ಲಿ ರೋಲ್ ಕಾಲ್ ಮುಗಿದಿತ್ತು. ಗಂಡ ಎರಡು ದಿನ ಸರಿಯಾಗಿ ಮಾತಾಡಲಿಲ್ಲ. ಸೊಂಗ್ತಾನ್‌ನಲ್ಲಿ ಇಳಿದಿದ್ದರೆ ಗೇಟಿಗೆ ನಡೆದೇ ಹೋಗಬಹುದಿತ್ತು. ಜಪಾನಿನ ಯೊಕೊಟಾ ನೆಲೆ ಕೂಡ ಹಾಗೇ, ಜೆಆರ್ ಓಮೆ ಲೈನಿನ ಫುಸ್ಸಾ ಸ್ಟೇಷನ್ನಿನಿಂದ ಗೇಟು ಕಾಲ್ನಡಿಗೆಯ ದೂರ. ಸ್ಪೇನಿನ ರೋಟಾ ನೆಲೆಗೆ ರೈಲೇ ಇಲ್ಲ. ಕಾದಿಸ್‌ನಿಂದ ಕೊಲ್ಲಿ ದಾಟಿಸುವ ದೋಣಿಯಲ್ಲಿ ಹೋಗಬಹುದು. ನನಗೆ ಎಲ್ಲಕ್ಕಿಂತ ಇಷ್ಟದ ದಾರಿ ಅದು.

ಜರ್ಮನಿಯ ರಾಮ್‌ಸ್ಟೈನ್ ಸ್ಪೇಸ್-ಎ ಪ್ರಯಾಣಿಕರ ದೊಡ್ಡ ಅಡ್ಡಾ. ಫ್ರಾಂಕ್‌ಫರ್ಟ್‌ನಿಂದ ಮಾನ್‌ಹೈಮ್, ಅಲ್ಲಿಂದ ಕೈಸರ್ಸ್‌ಲೌಟರ್ನ್ ಅಥವಾ ಲಾಂಡ್‌ಸ್ಟೂಲ್, ಕೊನೆಗೆ ಟ್ಯಾಕ್ಸಿ. ಸೀಟು ಸಿಗದೆ ವಾರಗಟ್ಟಲೆ ಉಳಿಯಬೇಕಾಗಬಹುದು ಅಂತಿದ್ದರೆ ಡಾಯ್ಚ್‌ಲಾಂಡ್ ಟಿಕೆಟ್ ಕೊಳ್ಳಿ. 2023ರ ಮೇ ತಿಂಗಳಲ್ಲಿ 49 ಯೂರೋಗೆ ಶುರುವಾಗಿತ್ತು, 2026ರ ಜನವರಿಯಿಂದ 63 ಯೂರೋ. ದೇಶದ ಎಲ್ಲ ಲೋಕಲ್ ರೈಲು, ಬಸ್ಸಿಗೆ ತಿಂಗಳಿಡೀ ನಡೆಯುತ್ತದೆ, ಐಸಿಇ ಅನ್ನುವ ವೇಗದ ರೈಲಿಗೆ ಇಲ್ಲ. ಅದು ತಿಂಗಳ ಚಂದಾ. 10ನೇ ತಾರೀಖಿನೊಳಗೆ ರದ್ದು ಮಾಡದಿದ್ದರೆ ಮುಂದಿನ ತಿಂಗಳ ದುಡ್ಡೂ ಹೋಗುತ್ತದೆ.

ಅಮೆರಿಕದಲ್ಲಿರುವ ನಮ್ಮ ಕನ್ನಡದ ಮನೆಗಳಿಂದ ಬರುವ ಪ್ರಶ್ನೆ ಬೇರೆ. "ಮಗ ಆರ್ಮಿಯಲ್ಲಿದ್ದಾನೆ. ಊರಿಂದ ಬಂದ ನಮ್ಮನ್ನೂ ಕರ್ಕೊಂಡು ಹೋಗಬಹುದಾ?" ಅಂತ ಕೇಳುತ್ತಾರೆ. ಸುಮ್ನೆ ಪ್ರವಾಸಕ್ಕೆ ಬಂದ ಅಪ್ಪ ಅಮ್ಮನಿಗೆ ಆಗಲ್ಲ. ಮಗನ ಅವಲಂಬಿತರು ಅಂತ ಸೇನೆ ಒಪ್ಪಿ ಗುರುತಿನ ಚೀಟಿ ಕೊಟ್ಟಿದ್ದರೆ ಮಾತ್ರ ಸಾಧ್ಯ. ಸೊಸೆಗೆ ಚೀಟಿ ಇದೆ, ಆದರೆ ಪಾಸ್‌ಪೋರ್ಟ್ ಇನ್ನೂ ಇಂಡಿಯಾದ್ದು ಅನ್ನುವ ಮನೆಗಳೂ ಇವೆ. ಅವರು ರಾಮ್‌ಸ್ಟೈನ್‌ನಲ್ಲಿ ಇಳಿಯಲು ಯುರೋಪಿನ ಷೆಂಗೆನ್ ವೀಸಾ ಬೇಕು. ಸೇನೆಯ ವಿಮಾನ ಅಂತ ವೀಸಾ ಮಾಫಿ ಇಲ್ಲ. ಟರ್ಮಿನಲ್‌ನಲ್ಲೇ ತಡೆಯುತ್ತಾರೆ, ಅಷ್ಟು ದೂರದ ರೈಲು ಬಸ್ಸು ಎಲ್ಲ ದಂಡ.

ರಾಮ್‌ಸ್ಟೈನ್‌ವರೆಗೆ ಪುಕ್ಕಟೆ ಹೋಗಿ, ಫ್ರಾಂಕ್‌ಫರ್ಟ್‌ನಿಂದ ಲುಫ್ತಾನ್ಸಾ ಹಿಡಿದು ಬೆಂಗಳೂರಿಗೆ ಹೋಗುವ ಪ್ಲಾನ್ ಹಲವರದು. ಪ್ಲಾನ್ ಒಳ್ಳೆಯದೇ. ಆದರೆ ಆ ಟಿಕೆಟ್ಟನ್ನು ಮುಂಚೆಯೇ ಬುಕ್ ಮಾಡಬೇಡಿ. ಜರ್ಮನಿಯಲ್ಲಿ ಕಾಲಿಟ್ಟ ಮೇಲೆ ಕೊಳ್ಳಿ. ಜೂನ್‌ನಿಂದ ಆಗಸ್ಟ್‌ವರೆಗಂತೂ ಈ ಪ್ಲಾನೇ ಬೇಡ. ಶಾಲೆಗೆ ರಜೆ, ಸೈನಿಕರಿಗೆ ವರ್ಗಾವಣೆ ಕಾಲ, ಆರನೇ ವರ್ಗದವರಿಗೆ ಸೀಟು ಸಿಗುವುದು ಕಷ್ಟ. ಮನೆಯಲ್ಲಿ ಮದುವೆ, ಗೃಹಪ್ರವೇಶ ಅಂತ ತಾರೀಖು ಗೊತ್ತಾಗಿದ್ದರೆ ಮಾಮೂಲಿ ಟಿಕೆಟ್ಟೇ ತೆಗೆಯಿರಿ ಅಂತ ನಾನೇ ಹೇಳಿ ಕಳಿಸುತ್ತೇನೆ.

ಚಾರ್ಲ್‌ಸ್ಟನ್‌ನಲ್ಲಿ ಇಳಿದಿದ್ದ ದಂಪತಿಗೆ ಆವತ್ತು ಆಮ್‌ಟ್ರಾಕ್‌ನ ಪಾಲ್ಮೆಟ್ಟೊ ರೈಲು ಹತ್ತಿಸಿದೆ. ಇಡೀ ದಿನ ಕೂತು ರಾತ್ರಿ ಡೆಲವೇರ್ ರಾಜ್ಯದ ವಿಲ್ಮಿಂಗ್ಟನ್ ತಲುಪಿದರು. ಬೆಳಗ್ಗೆ ಎದ್ದು ಡೋವರ್‌ಗೆ ಬಸ್ಸು ಹಿಡಿದರು. ಅಲ್ಲಿಗೆ ಹೋಗಿ ನೋಡಿದರೆ ಕಾರಿನ ಬ್ಯಾಟರಿ ಸತ್ತಿತ್ತು.