ನಂಬದವರಿಗೆ ಸಂಘ ಯಾಕೆ? ಸ್ವಾಭಿಮಾನ ಮದುವೆಯ ಉದಾಹರಣೆ

ದೇವರಿಲ್ಲ ಅನ್ನುವುದಕ್ಕೆ ಯಾರ ಜೊತೆಯೂ ಬೇಡ. ಮದುವೆ, ಪ್ರಮಾಣವಚನ, ಶವಸಂಸ್ಕಾರ, ಆಸ್ತಿ ಹಂಚಿಕೆಗಳನ್ನು ಮಾತ್ರ ಒಬ್ಬರೇ ಮುಗಿಸಲಾಗದು. ನಾಸ್ತಿಕರ ಸಂಘಗಳು ಗಟ್ಟಿಯಾದದ್ದು ಹೆಚ್ಚಾಗಿ ಇಂಥ ಕಡೆಗಳಲ್ಲೇ. ಬರೀ ವಾದಕ್ಕೆ ಸೇರಿದ ಗುಂಪುಗಳು ಬೇಗ ಚದುರುತ್ತವೆ.

ಬ್ರಿಟನ್ನಿನಲ್ಲಿ ತಕರಾರು ಪ್ರಮಾಣವಚನದ್ದು. 1866ರಲ್ಲಿ ನ್ಯಾಷನಲ್ ಸೆಕ್ಯುಲರ್ ಸೊಸೈಟಿ ಎಂಬ ಸಂಘ ಕಟ್ಟಿದ ನಾಸ್ತಿಕ ಚಾರ್ಲ್ಸ್ ಬ್ರಾಡ್ಲಾ 1880ರಲ್ಲೇ ಸಂಸತ್ತಿಗೆ ಆರಿಸಿ ಬಂದರು. ದೇವರ ಹೆಸರಿನ ಪ್ರಮಾಣದ ತಕರಾರು ಮುಗಿದು ಸದನದಲ್ಲಿ ನಿರಾತಂಕವಾಗಿ ಕೂರುವ ಹೊತ್ತಿಗೆ 1886 ಆಗಿತ್ತು.

ತಮಿಳುನಾಡಿನಲ್ಲಿ ತಕರಾರು ಮದುವೆಯದ್ದು. ಪೆರಿಯಾರರ ಸ್ವಾಭಿಮಾನ ಚಳವಳಿಯವರು 1920ರ ದಶಕದ ಕೊನೆಯಿಂದ ಪುರೋಹಿತರಿಲ್ಲದೆ ಮದುವೆ ಮಾಡಿಸತೊಡಗಿದರು, ಇವೇ ಸ್ವಾಭಿಮಾನ ಮದುವೆಗಳು. ಮದುವೆ ನಡೆಯಿತು, ಕಾನೂನು ಒಪ್ಪಲಿಲ್ಲ. ಹಿಂದೂ ಮದುವೆಗೆ ಶಾಸ್ತ್ರವೋ ರೂಢಿಯೋ ಆಧಾರವಾಗಬೇಕು. ರೂಢಿ ಎನ್ನಿಸಿಕೊಳ್ಳಲು ಆಚರಣೆ ಬಹುಕಾಲದ್ದಾಗಿರಬೇಕು. ನಿನ್ನೆ ಮೊನ್ನೆ ಶುರುವಾದದ್ದು ರೂಢಿಯಲ್ಲ ಎಂಬ ಕಾರಣಕ್ಕೆ 1953ರಲ್ಲಿ ಮದ್ರಾಸ್ ಹೈಕೋರ್ಟ್ ಇಂಥದೊಂದು ಮದುವೆಯನ್ನು ಅಸಿಂಧು ಎಂದಿತು. ಪೆಟ್ಟು ಬೀಳುವುದು ಹೆಂಡತಿ ಮಕ್ಕಳ ಆಸ್ತಿ ಹಕ್ಕಿಗೆ. ಒಬ್ಬ ನಾಸ್ತಿಕ ದಂಪತಿಯಿಂದ ಇದನ್ನು ಸರಿಪಡಿಸಲಾಗದು, ಶಾಸನಸಭೆಯೇ ಬೇಕು.

ತಮಿಳುನಾಡಿನ ಅಣ್ಣಾದುರೈ ಸರ್ಕಾರ 1967ರಲ್ಲಿ ತನ್ನ ರಾಜ್ಯದ ಮಟ್ಟಿಗೆ ಹಿಂದೂ ವಿವಾಹ ಕಾಯ್ದೆಗೆ 7ಎ ಕಲಂ ಸೇರಿಸಿತು. ನೆಂಟರು, ಗೆಳೆಯರು ಅಥವಾ ಬೇರೆಯವರ ಎದುರು ಇಬ್ಬರೂ ತಮಗೆ ತಿಳಿಯುವ ಭಾಷೆಯಲ್ಲಿ ಒಬ್ಬರನ್ನೊಬ್ಬರು ಒಪ್ಪಿಕೊಂಡೆವು ಎನ್ನಬೇಕು. ಇಲ್ಲವೇ ಹಾರ ಬದಲಾಯಿಸಬೇಕು ಅಥವಾ ಉಂಗುರ ತೊಡಿಸಬೇಕು. ಇಲ್ಲವೇ ತಾಳಿ ಕಟ್ಟಬೇಕು. ಇವುಗಳಲ್ಲಿ ಒಂದಾದರೆ ಸಾಕು. ಹಿಂದೆ ಆಗಿದ್ದ ಸ್ವಾಭಿಮಾನ ಮದುವೆಗಳಿಗೂ ಮಾನ್ಯತೆ ಸಿಕ್ಕಿತು. ಹಳೆಯ ಮದುವೆಗಳನ್ನೂ ಒಳಗೊಂಡದ್ದೇ ಇದರ ಜಾಣತನ.

ಹಲವರು ಎಡವುವ ಜಾಗ: 7ಎ ನಾಸ್ತಿಕರಿಗೆಂದೇ ಇರುವ ಕಲಮಲ್ಲ. ಅದು ಇಬ್ಬರು ಹಿಂದೂಗಳ ನಡುವಿನ ಮದುವೆಗೆ, ನಂಬಿಕೆಯ ಪ್ರಶ್ನೆಯನ್ನೇ ಎತ್ತುವುದಿಲ್ಲ. ಹಿಂದೂ ಮನೆಯಲ್ಲಿ ಹುಟ್ಟಿದ ನಾಸ್ತಿಕ ಈ ಕಾಯ್ದೆಯ ಮಟ್ಟಿಗೆ ಹಿಂದೂವೇ!

7ಎ ಕರ್ನಾಟಕಕ್ಕೆ ಅನ್ವಯಿಸದು. ಇಲ್ಲಿ ಶಾಸ್ತ್ರ ಬೇಡವೆನ್ನುವವರಿಗೆ ಸುರಕ್ಷಿತ ದಾರಿ 1954ರ ವಿಶೇಷ ವಿವಾಹ ಕಾಯ್ದೆ. ಇಬ್ಬರಲ್ಲಿ ಒಬ್ಬರಾದರೂ ಆ ಜಿಲ್ಲೆಯಲ್ಲಿ ಕನಿಷ್ಠ 30 ದಿನ ವಾಸವಿದ್ದು ವಿವಾಹಾಧಿಕಾರಿಗೆ ನೋಟಿಸ್ ಕೊಡಬೇಕು. ಅದು ಪ್ರಕಟವಾದ ಮೇಲೆ 30 ದಿನ ಆಕ್ಷೇಪಣೆಗೆ ಅವಕಾಶ. ನೋಟಿಸ್ ಕೊಟ್ಟು 3 ತಿಂಗಳೊಳಗೆ ಮದುವೆ ಆಗದಿದ್ದರೆ ಆ ನೋಟಿಸ್ ರದ್ದು, ಮತ್ತೆ ಮೊದಲಿನಿಂದ. 1872ರ ಹಳೆಯ ವಿಶೇಷ ವಿವಾಹ ಕಾಯ್ದೆ ಮೂಲರೂಪದಲ್ಲಿ ಧರ್ಮ ಬಿಟ್ಟೆವೆಂದು ಬರೆಸಿಕೊಳ್ಳುತ್ತಿತ್ತು, ಈಗ ಅದಿಲ್ಲ.

ಮನೆಯವರ ವಿರೋಧವಿದ್ದಾಗ ನೋಟಿಸಿನ ಈ 30 ದಿನವೇ ಅಪಾಯದ ಕಾಲ. ಅಧಿಕಾರಿಯ ಎದುರು ಸಹಿ ಹಾಕಲು 3 ಸಾಕ್ಷಿಗಳೂ ಬೇಕು. ನೆಂಟರು ಬಾರದ ಮದುವೆಗೆ ಆ ಮೂವರನ್ನು, ಉಳಿದುಕೊಳ್ಳಲು ಒಂದು ಕೋಣೆಯನ್ನು, ಪರಿಚಯದ ವಕೀಲರನ್ನು ಒದಗಿಸುವುದು ಸಂಘ.