ಎಣ್ಣೆ ಕೂರಲೊಂದು ಗುಳಿ: ಬೇರಿಂಗಿನ ಮೈಯನ್ನು ಬೇಕೆಂದೇ ಒರಟು ಮಾಡುವ ವಿದ್ಯೆ ಬಂದ ದಾರಿ

ಪುಣೆಯ ಭೋಸರಿಯಲ್ಲಿ ಒಂದು ಒಳ್ಳೆಯ ಟೂಲ್ ರೂಮಿಗೆ ಹೋದರೆ ಸ್ಲಿಪ್ ಗೇಜ್ ಪೆಟ್ಟಿಗೆ ತೆಗೆಸಿ ನೋಡಿ. ಅಳತೆ ಸರಿ ಇದೆಯೇ ಎಂದು ಪರೀಕ್ಷಿಸಲು ಇಟ್ಟುಕೊಳ್ಳುವ ಉಕ್ಕಿನ ಸಣ್ಣ ತುಂಡುಗಳು ಅವು. ಮುಖ ನೋಡಿಕೊಳ್ಳುವಷ್ಟು ಹೊಳಪು. ಎರಡು ತುಂಡುಗಳನ್ನು ಚೆನ್ನಾಗಿ ಒರೆಸಿ, ಒಂದರ ಮೇಲೆ ಒಂದನ್ನು ಒತ್ತಿ ಸ್ವಲ್ಪ ಸರಿಸಿದರೆ ಎರಡೂ ಅಂಟಿಕೊಳ್ಳುತ್ತವೆ. ಮೇಲಿನದನ್ನು ಎತ್ತಿದರೆ ಕೆಳಗಿನದು ಬೀಳುವುದಿಲ್ಲ. ನಡುವೆ ಗೋಂದಿಲ್ಲ, ಅಯಸ್ಕಾಂತವಿಲ್ಲ. ಸ್ವೀಡನ್ನಿನ ಸಿ. ಇ. ಯೋಹಾನ್ಸನ್ 1896ರಲ್ಲಿ ಈ ತುಂಡುಗಳನ್ನು ರೂಪಿಸಿದಾಗಿನಿಂದ ಹೀಗೇ.

ನುಣುಪಾದದ್ದು ಜಾರುತ್ತದೆ ಅನ್ನೋದು ನಮ್ಮೆಲ್ಲರ ಲೆಕ್ಕ, ಅಲ್ವಾ? ಹಾಗಾದರೆ ವರ್ಕ್‌ಶಾಪಿನಲ್ಲೇ ಅತಿ ನುಣುಪಾದ ಈ ಮುಖಗಳು ಒಂದನ್ನೊಂದು ಹಿಡಿದುಕೊಳ್ಳುವುದು ಯಾಕೆ? ಈ ಪ್ರಶ್ನೆಗೆ ಉತ್ತರ ಹುಡುಕುತ್ತಾ ಮುನ್ನೂರು ವರ್ಷ ಕಳೆದಿವೆ. ಈಗ ಲೇಸರ್ ಹಿಡಿದು, ತಿರುಗುವ ಅಚ್ಚನ್ನು ಹೊತ್ತು ನಿಲ್ಲುವ ಬೇರಿಂಗಿನ ಮೈಮೇಲೆ ಬೇಕೆಂದೇ ಗುಳಿ ಹೊಡೆಯುವವರೆಗೆ ಬಂದಿದ್ದೇವೆ.

ನನಗೆ ಈ ವಿಷಯದ ಹುಚ್ಚು ಹಿಡಿದದ್ದು ಒಂದು ಲೇತಿನಿಂದ, ಅಂದರೆ ಲೋಹ ಕಡೆಯುವ ಯಂತ್ರದಿಂದ. ಆಗ ನಾನು ಗದಗದ ಕಡೆಯಿಂದ ಪುಣೆಗೆ ಬಂದ ಹೊಸದು. ನಾನು ಸೇರಿದ ವರ್ಕ್‌ಶಾಪಿನಲ್ಲಿ ಬೆಳಗಾವಿ ಕಡೆಯ ಹಿರಿಯ ಫಿಟ್ಟರ್ ಒಬ್ಬರಿದ್ದರು. ನಮಗೂ ಮರಾಠಿ ಹುಡುಗರಿಗೂ ಅವರು ಕಾಕಾ. ಲೇತಿನ ಬೆಡ್ ಅನ್ನುವ ಉದ್ದ ಹಾಸಿನ ಮೇಲೆ ಉಳಿಯನ್ನು ಹೊತ್ತ ಸ್ಯಾಡಲ್ ಓಡಾಡುತ್ತದಲ್ಲ, ಆ ಸ್ಯಾಡಲಿನ ಅಡಿಯನ್ನು ಕಾಕಾ ಕೈಯಿಂದ ಸ್ಕ್ರೇಪಿಂಗ್ ಮಾಡುತ್ತಿದ್ದರು. ಮೊದಲು ನೀಲಿ ಬಣ್ಣ ಹಚ್ಚಿ ಎರಡು ಮುಖಗಳನ್ನು ಉಜ್ಜುವುದು. ಎತ್ತರ ಇದ್ದಲ್ಲಿ ನೀಲಿ ಹತ್ತುತ್ತದೆ. ಅಷ್ಟು ಜಾಗವನ್ನು ಸ್ಕ್ರೇಪರಿನಿಂದ ಹೆರೆಯುವುದು. ಮತ್ತೆ ನೀಲಿ, ಮತ್ತೆ ಹೆರೆತ. ಚದರ ಇಂಚಿಗೆ 20 ಚುಕ್ಕೆ ಬರುವ ತನಕ ಬಿಡುತ್ತಿರಲಿಲ್ಲ. ಎಲ್ಲ ಮುಗಿದ ಮೇಲೆ ಅರ್ಧಚಂದ್ರದ ಗುರುತುಗಳನ್ನು ಸಾಲಾಗಿ ಹೊಡೆಯುತ್ತಿದ್ದರು. ಅಲಂಕಾರ ಅಂದುಕೊಂಡು ಕೇಳಿದೆ. "ಚಂದ ಕಾಣಾಕ ಅಲ್ಲಪಾ ಇದು. ಎಣ್ಣಿ ಕುಂದರಾಕ" ಅಂದರು.

ಆ ಮಾತು ಅರ್ಥವಾದದ್ದು ಮುಂದಿನ ವರ್ಷ. ಇನ್ನೊಂದು ಲೇತಿಗೆ ಸ್ಕ್ರೇಪಿಂಗ್ ಬೇಡ, ದಿನ ಹಿಡಿಯುತ್ತದೆ ಎಂದು ಮಾಲೀಕರು ಹೊರಗಡೆ ಕಳಿಸಿ ಬೆಡ್ ಮತ್ತು ಸ್ಯಾಡಲ್ ಎರಡನ್ನೂ ಗ್ರೈಂಡಿಂಗ್ ಮಾಡಿಸಿದರು. ಕನ್ನಡಿಯಂತೆ ಬಂತು. ಆದರೆ ನಿಧಾನ ಫೀಡ್ ಕೊಟ್ಟರೆ, ಅಂದರೆ ಮೆಲ್ಲಗೆ ಸರಿಸಿದರೆ, ಸ್ಯಾಡಲ್ ಒಂದು ಕ್ಷಣ ನಿಲ್ಲುವುದು, ಆಮೇಲೆ ಜಿಗಿಯುವುದು. ಕಡೆಯುತ್ತಿದ್ದ ಲೋಹದ ತುಂಡಿನ ಮೇಲೆಲ್ಲ ಪಟ್ಟೆ. ಎಣ್ಣೆ ಎಷ್ಟು ಸುರಿದರೂ ಅಷ್ಟೇ. ಕೊನೆಗೆ ಕಾಕಾ ನಾಲ್ಕು ದಿನ ಕೂತು ಸ್ಯಾಡಲಿನ ಅಡಿಯನ್ನು ಹೆರೆದರು. ಜಿಗಿತ ನಿಂತಿತು. ನುಣುಪು ಮಾಡಿದ್ದು ಹಿಡಿದುಕೊಂಡಿತು, ಹೆರೆದಿದ್ದು ಜಾರಿತು. ಇದು ನಾನು ಕಣ್ಣಾರೆ ಕಂಡದ್ದು.

ಯುರೋಪಿನ ವಿದ್ವಾಂಸರೂ ಮೊದಲು ನಮ್ಮಂತೆಯೇ ಯೋಚಿಸಿದ್ದರು. ಫ್ರಾನ್ಸಿನ ಅಮಾಂಟನ್ಸ್ 1699ರಲ್ಲಿ, ಆಮೇಲೆ ಕುಲಾಂಬ್ 1785ರಲ್ಲಿ ತಿಕ್ಕಾಟದ ನಿಯಮಗಳನ್ನು ಬರೆದರು. ಎರಡು ಮುಖಗಳ ಮೇಲಿನ ಉಬ್ಬುತಗ್ಗು ಒಂದಕ್ಕೊಂದು ಸಿಕ್ಕಿಕೊಳ್ಳುತ್ತದೆ, ಅದರಿಂದಲೇ ತಡೆ ಹುಟ್ಟುತ್ತದೆ ಅನ್ನುವುದು ಅವರ ವಿವರಣೆ. ಇವರಿಬ್ಬರ ನಡುವಿನ ಕಾಲದಲ್ಲಿ ಇಂಗ್ಲೆಂಡಿನ ಡೆಸಗುಲಿಯೆ ಬೇರೊಂದನ್ನು ತೋರಿಸಿದ್ದ. ಎರಡು ಸೀಸದ ಗುಂಡುಗಳಿಂದ ಒಂದೊಂದು ಚೂರು ಕತ್ತರಿಸಿ, ಹಸಿ ಮುಖಗಳನ್ನು ಒತ್ತಿ ತಿರುಚಿದ. ಅವು ಅಂಟಿಕೊಂಡವು. ಲೋಹಕ್ಕೆ ಲೋಹ ನೇರವಾಗಿ ತಾಗಿದರೆ ಕೂಡಿಕೊಳ್ಳುತ್ತದೆ ಅನ್ನುವ ಸುಳಿವು ಅಲ್ಲೇ ಇತ್ತು. ಕೇಂಬ್ರಿಜ್‌ನಲ್ಲಿ ಬೌಡನ್ ಮತ್ತು ಟೇಬರ್ ಅದನ್ನು ಗಟ್ಟಿಯಾಗಿ ನಿಲ್ಲಿಸುವಷ್ಟರಲ್ಲಿ ಇಪ್ಪತ್ತನೇ ಶತಮಾನದ ನಡುಭಾಗ ಬಂದಿತ್ತು.

ವರ್ಕ್‌ಶಾಪಿನವರು ಅಷ್ಟು ಕಾಯಲಿಲ್ಲ. ಜೋಸೆಫ್ ವಿಟ್ವರ್ತ್ 1840ರಲ್ಲಿ ಗ್ಲಾಸ್ಗೋದಲ್ಲಿ ಓದಿದ ಪ್ರಬಂಧದಲ್ಲಿ ಸಪಾಟು ಮುಖ ಬೇಕಾದರೆ ಪುಡಿ ಹಾಕಿ ಉಜ್ಜಬೇಡಿ, ಹೆರೆಯಿರಿ ಎಂದು ವಾದಿಸಿದ್ದ. ಕಾಕಾ ಕೈಯಲ್ಲಿದ್ದ ವಿದ್ಯೆ ಆ ದಾರಿಯಲ್ಲೇ ಬಂದದ್ದು.

ಇನ್ನು ಎಣ್ಣೆಯ ಕಥೆ. ನಮ್ಮ ಕಡೆ ಬಂಡಿ ಕಟ್ಟುವವರಿಗೆ ಕೀಲೆಣ್ಣೆ ಗೊತ್ತು. ಹರಳೆಣ್ಣೆಗೆ ಸುಟ್ಟ ಕರಿ ಕಲಸಿ ಅಚ್ಚಿಗೆ ಹಚ್ಚುತ್ತಿದ್ದರು. ಹಚ್ಚದಿದ್ದರೆ ಗಾಲಿ ಕಿರುಗುಡುತ್ತದೆ. ಆದರೆ ಎಣ್ಣೆ ಒಳಗೆ ಏನು ಮಾಡುತ್ತದೆ ಅನ್ನುವುದು 1883ರವರೆಗೆ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಠಾಣೆಗೆ ಮೊದಲ ರೈಲು ಹೊರಟಾಗಲೂ ಗೊತ್ತಿರಲಿಲ್ಲ. ಆ ಕಾಲದ ಗಾಡಿಗಳ ಅಚ್ಚಿನ ಮೇಲೆ ಹಿತ್ತಾಳೆಯ ಬೇರಿಂಗ್ ಕೂರುತ್ತಿತ್ತು. ಅಚ್ಚು ಅದರ ಕೆಳಗೆ ಜಾರುತ್ತಾ ತಿರುಗಬೇಕು. ಎಣ್ಣೆ ಕಡಿಮೆಯಾದರೆ ಬಿಸಿಯಾಗಿ ಹೊಗೆ ಬರುತ್ತಿತ್ತು. ರೈಲ್ವೆಯಲ್ಲಿ ಕೆಲಸ ಮಾಡಿದವರು ಇವತ್ತಿಗೂ ಹಾಟ್ ಆಕ್ಸಲ್ ಅನ್ನುತ್ತಾರೆ.

ಈ ತೊಂದರೆಯನ್ನು ಅಳೆಯಲು ಇಂಗ್ಲೆಂಡಿನ ಮೆಕ್ಯಾನಿಕಲ್ ಇಂಜಿನಿಯರುಗಳ ಸಂಸ್ಥೆ ಬೋಶಂಪ್ ಟವರ್ ಎಂಬಾತನಿಗೆ ಹೇಳಿತು. ಆತ ರೈಲಿನ ಅಚ್ಚಿನಂಥದ್ದೇ ಒಂದನ್ನು ಎಣ್ಣೆಯಲ್ಲಿ ಅರ್ಧ ಮುಳುಗಿಸಿ ತಿರುಗಿಸಿದ. ಎಣ್ಣೆ ಬಿಡಲೆಂದು ಬೇರಿಂಗಿನ ನೆತ್ತಿಯಲ್ಲಿ ತೂತು ಕೊರೆದ. ಆದರೆ ಎಣ್ಣೆ ಒಳಗೆ ಹೋಗುವ ಬದಲು ತೂತಿನಿಂದ ಉಕ್ಕಿ ಮೇಲೆ ಬಂತು. ಬಿರಡೆ ಹಾಕಿದ, ಹಾರಿಹೋಯಿತು. ಮರದ ಬಿರಡೆ ಹೊಡೆದ, ಅದನ್ನೂ ನೂಕಿತು. ಆಮೇಲೆ ಪ್ರೆಶರ್ ಗೇಜ್ ಹಾಕಿದ. ಬೇರಿಂಗಿನ ಮೇಲಿದ್ದ ಸರಾಸರಿ ಭಾರ ಚದರ ಇಂಚಿಗೆ 100 ಪೌಂಡ್. ಗೇಜಿನ ಮುಳ್ಳು 200 ದಾಟಿತು. ಅಂದರೆ ಗಾಡಿಯ ಭಾರವನ್ನು ಹೊತ್ತಿದ್ದು ಹಿತ್ತಾಳೆಯಲ್ಲ, ಎಣ್ಣೆ! ಅಚ್ಚು ಎಣ್ಣೆಯ ತೆಳು ಪದರದ ಮೇಲೆ ತೇಲುತ್ತಿತ್ತು. ಇಂಜಿನಿಯರಿಂಗ್ ಇತಿಹಾಸದಲ್ಲಿ ನನಗೆ ಅತಿ ಇಷ್ಟವಾದ ಘಟನೆ ಇದು.

ಮ್ಯಾಂಚೆಸ್ಟರಿನ ಆಸ್ಬೋರ್ನ್ ರೆನಾಲ್ಡ್ಸ್ 1886ರಲ್ಲಿ ಇದಕ್ಕೆ ಲೆಕ್ಕ ಬರೆದ. ಎರಡು ಮುಖಗಳ ನಡುವಿನ ಸಂದು ಮುಂದೆ ಮುಂದೆ ಕಿರಿದಾಗಬೇಕು, ಬೆಣೆಯ ಹಾಗೆ. ಚಲಿಸುವ ಮುಖ ಎಣ್ಣೆಯನ್ನು ತನ್ನ ಜೊತೆ ಎಳೆದುಕೊಂಡು ಆ ಕಿರಿದಾದ ಜಾಗಕ್ಕೆ ತುರುಕುತ್ತದೆ. ಅಲ್ಲಿ ಒತ್ತಡ ಹುಟ್ಟುತ್ತದೆ. ಮಳೆಗಾಲದಲ್ಲಿ ಸವೆದ ಟೈರಿನ ಬೈಕು ನೀರಿನ ಮೇಲೆ ಹಿಡಿತ ತಪ್ಪಿ ಜಾರುವುದೂ ಇದೇ ಬೆಣೆಯಿಂದ. ಟೈರಿನ ಮೈಮೇಲಿನ ತೋಡುಗಳು ನೀರನ್ನು ಹೊರಗೆ ಬಿಡಲು ಇವೆ. ಬೇರಿಂಗಿನಲ್ಲಿ ನಮಗೆ ಬೇಕಾದದ್ದು ಅದರ ಉಲ್ಟಾ, ಎಣ್ಣೆ ಒಳಗೇ ಉಳಿಯಬೇಕು.

ಜರ್ಮನಿಯ ಸ್ಟ್ರೈಬೆಕ್ 1902ರಲ್ಲಿ ಇದನ್ನು ಒಂದು ಗೆರೆಯಲ್ಲಿ ಬಿಡಿಸಿ ತೋರಿಸಿದ. ವೇಗ ತೀರಾ ಕಡಿಮೆ ಇದ್ದಾಗ ಲೋಹ ಲೋಹಕ್ಕೆ ತಾಗುತ್ತದೆ, ತಿಕ್ಕಾಟ ಜಾಸ್ತಿ. ವೇಗ ಏರಿದಂತೆ ಎಣ್ಣೆ ಅಲ್ಲಲ್ಲಿ ಎತ್ತಿ ಹಿಡಿಯುತ್ತದೆ, ತಿಕ್ಕಾಟ ಸರ್ರನೆ ಇಳಿಯುತ್ತದೆ. ಪೂರ್ತಿ ತೇಲಿದ ಮೇಲೆ ಮತ್ತೆ ನಿಧಾನಕ್ಕೆ ಏರುತ್ತದೆ, ಯಾಕೆಂದರೆ ಎಣ್ಣೆಯನ್ನೇ ಕಲಕಬೇಕಲ್ಲ. ಗ್ರೈಂಡಿಂಗ್ ಮಾಡಿಸಿದ ಆ ಲೇತು ಜಿಗಿಯುತ್ತಿದ್ದದ್ದು ಈ ಗೆರೆಯ ಎಡ ತುದಿಯಲ್ಲಿ. ಅಷ್ಟು ನಿಧಾನದಲ್ಲಿ ಬೆಣೆ ಹುಟ್ಟುವುದಿಲ್ಲ. ಎಣ್ಣೆ ಎಲ್ಲಾದರೂ ಕೂತು ಕಾಯುತ್ತಿರಬೇಕು. ಗ್ರೈಂಡಿಂಗ್ ಮಾಡಿದ ಮೈಯಲ್ಲಿ ಅದಕ್ಕೆ ಕೂರಲು ಜಾಗವೇ ಇರಲಿಲ್ಲ.

ಆದರೆ ರೆನಾಲ್ಡ್ಸನ ಲೆಕ್ಕದಲ್ಲಿ ಒಂದು ತೊಡಕು ಉಳಿಯಿತು. ಎರಡೂ ಮುಖಗಳು ಸಮಾನಾಂತರವಾಗಿದ್ದರೆ ಬೆಣೆ ಇಲ್ಲ. ಬೆಣೆ ಇಲ್ಲದಿದ್ದರೆ ಒತ್ತಡವೂ ಇಲ್ಲ, ಭಾರ ಹೊರುವಂತೆಯೂ ಇಲ್ಲ. ಪಂಪಿನಲ್ಲಿ ನೀರು ಸೋರದಂತೆ ತಡೆಯುವ ಮೆಕ್ಯಾನಿಕಲ್ ಸೀಲ್ ನೋಡಿ. ಎರಡು ಚಪ್ಪಟೆ ಉಂಗುರಗಳು ಮುಖಕ್ಕೆ ಮುಖ ಕೊಟ್ಟು ತಿರುಗುತ್ತವೆ. ಲೆಕ್ಕದ ಪ್ರಕಾರ ಬೇಗ ಸುಟ್ಟುಹೋಗಬೇಕು. ವರ್ಷಗಟ್ಟಲೆ ಬಾಳುತ್ತವೆ. ಹೇಗೆ?

1966ರಲ್ಲಿ ಅಮೆರಿಕದ ಹ್ಯಾಮಿಲ್ಟನ್, ವಾಲೊವಿಟ್ ಮತ್ತು ಅಲೆನ್ ಉತ್ತರ ಕೊಟ್ಟರು. ಮುಖದ ಮೇಲಿನ ಸಣ್ಣ ಸಣ್ಣ ಉಬ್ಬುತಗ್ಗುಗಳೇ ಭಾರ ಹೊರುತ್ತವೆ ಎಂದರು. ಒಂದು ಗುಳಿಯನ್ನು ಕಲ್ಪಿಸಿಕೊಳ್ಳಿ. ಎಣ್ಣೆ ಗುಳಿಯೊಳಗೆ ಇಳಿಯುವ ಕಡೆ ಸಂದು ಅಗಲವಾಗುತ್ತದೆ, ಒತ್ತಡ ಇಳಿಯುತ್ತದೆ. ಆಚೆ ದಡ ಹತ್ತುವಾಗ ಸಂದು ಕಿರಿದಾಗುತ್ತದೆ, ಒತ್ತಡ ಏರುತ್ತದೆ. ಇಳಿದಷ್ಟೇ ಏರಿದರೆ ಲಾಭವೇನು, ಎರಡೂ ಸೇರಿ ಸೊನ್ನೆ ಅಲ್ವಾ? ಇಲ್ಲಿದೆ ಗುಟ್ಟು. ಎಣ್ಣೆಯನ್ನು ಎಷ್ಟು ಬೇಕಾದರೂ ಒತ್ತಬಹುದು, ಆದರೆ ಎಳೆಯಲಾಗದು. ಒತ್ತಡ ಒಂದು ಮಿತಿಗಿಂತ ಇಳಿಯಲು ಹೋದರೆ ಎಣ್ಣೆಯೊಳಗಿನ ಗಾಳಿ ಗುಳ್ಳೆಯಾಗಿ ಹೊರಬರುತ್ತದೆ, ಇಳಿತ ಅಲ್ಲಿಗೇ ನಿಲ್ಲುತ್ತದೆ. ಏರುವ ಕಡೆ ಅಂಥ ತಡೆ ಇಲ್ಲ. ಹಾಗಾಗಿ ಒಟ್ಟು ಲೆಕ್ಕದಲ್ಲಿ ಏರಿಕೆಯೇ ಗೆಲ್ಲುತ್ತದೆ. ಪ್ರತಿ ಗುಳಿಯೂ ಒಂದು ಪುಟ್ಟ ಬೇರಿಂಗ್ ಆಗಿಬಿಡುತ್ತದೆ. ಬ್ರಿಟನ್ನಿನಲ್ಲಿ ಪೀಟರ್ ಜೋಸ್ಟ್ ಸಮಿತಿಯ ವರದಿ ಬಂದದ್ದೂ ಅದೇ 1966ರಲ್ಲಿ. ತಿಕ್ಕಾಟ, ಸವೆತ, ಎಣ್ಣೆ ಮೂರನ್ನೂ ಸೇರಿಸಿ ಓದುವ ವಿದ್ಯೆಗೆ ಟ್ರೈಬಾಲಜಿ ಅನ್ನುವ ಹೆಸರು ಆ ವರದಿಯಿಂದ ಬಂತು.

ಹೆಸರು ಬಂತು, ವಿವರಣೆ ಬಂತು, ಗುಳಿ ಹೊಡೆಯುವ ಸಾಧನ ಬರಲಿಲ್ಲ. ಬೇಕಾದ ಆಕಾರದ ಸಾವಿರಾರು ಗುಳಿಗಳನ್ನು ಗಟ್ಟಿ ಮೈಮೇಲೆ ಅಗ್ಗವಾಗಿ ಮಾಡುವುದು ಹೇಗೆ? ಪಿಸ್ಟನ್ ಓಡಾಡುವ ಕೊಳವೆ, ಅಂದರೆ ಇಂಜಿನ್ ಲೈನರ್ ಮಾಡುವವರು ತಮ್ಮದೇ ದಾರಿ ಹಿಡಿದಿದ್ದರು. ಸಾಣೆಕಲ್ಲಿನಿಂದ ಉಜ್ಜಿ (ಹೋನಿಂಗ್ ಮಾಡಿ) ಅಡ್ಡಡ್ಡ ಗೆರೆ ಎಳೆದು, ಗೆರೆಯಲ್ಲಿ ಎಣ್ಣೆ ನಿಲ್ಲಿಸುವುದು. ಹುಬ್ಬಳ್ಳಿಯಲ್ಲಾಗಲಿ ಹಡಪಸರದಲ್ಲಾಗಲಿ ರೀಬೋರ್ ಮಾಡುವವರ ಬಳಿ ಇವತ್ತೂ ಆ ಗೆರೆಗಳನ್ನು ನೋಡಬಹುದು.

ಲೇಸರ್ ಕೈಗೆ ಬಂದ ಮೇಲೆ ದಾರಿ ತೆರೆಯಿತು. ಹೈಫಾದ ಟೆಕ್ನಿಯಾನ್‌ನಲ್ಲಿ ಇಜಾಕ್ ಎಟ್ಸಿಯಾನ್ 1990ರ ದಶಕದಲ್ಲಿ ಮೆಕ್ಯಾನಿಕಲ್ ಸೀಲ್ ಮೇಲೆ ಗುಳಿಗಳ ಲೆಕ್ಕ ಕಟ್ಟಿದರು, ಆಮೇಲೆ ಲೇಸರಿನಿಂದ ಹೊಡೆದು ಪರೀಕ್ಷಿಸಿದರು. ಈ ಗುಳಿಗಳ ಅಗಲ ಸುಮಾರು 100 ಮೈಕ್ರಾನ್, ಆಳ 10 ಮೈಕ್ರಾನಿನ ಆಸುಪಾಸು (ಮಿಲಿಮೀಟರಿನ ಸಾವಿರದಲ್ಲೊಂದು ಪಾಲು ಒಂದು ಮೈಕ್ರಾನ್). ನಮ್ಮ ತಲೆಗೂದಲ ದಪ್ಪವೇ ಸುಮಾರು 70 ಮೈಕ್ರಾನ್. ಪಡ್ಡಿನ ಕಾವಲಿ ನೆನಪಿಗೆ ಬಂದರೆ ಅದು ಸರಿಯಾದ ಚಿತ್ರವಲ್ಲ, ಅದರ ಗುಳಿ ಆಳ ಜಾಸ್ತಿ. ಊಟದ ತಟ್ಟೆಯಷ್ಟು ಚಪ್ಪಟೆ ಅಂದುಕೊಳ್ಳಿ. ಅಗಲಕ್ಕೂ ಆಳಕ್ಕೂ ಇರುವ ಈ ಪ್ರಮಾಣವೇ ಮುಖ್ಯ. ಆಳ ಹೆಚ್ಚಾದರೆ ಎಣ್ಣೆ ಗುಳಿಯೊಳಗೇ ಸುತ್ತುತ್ತದೆ, ಭಾರ ಹೊರುವುದಿಲ್ಲ.

ಗುಳಿಗೆ ಇನ್ನೆರಡು ಕೆಲಸ ಇವೆ. ಎಣ್ಣೆ ಕಡಿಮೆಯಾದಾಗ ಒಳಗಿಟ್ಟುಕೊಂಡ ತೊಟ್ಟು ಎಣ್ಣೆಯನ್ನು ಬಿಡುವುದು ಒಂದು. ಸವೆದ ಲೋಹದ ಪುಡಿಯನ್ನು ನುಂಗಿಕೊಂಡು ಗೀರು ಬೀಳದಂತೆ ನೋಡುವುದು ಇನ್ನೊಂದು. ಶಾಫ್ಟ್, ಅಂದರೆ ಅಚ್ಚು, ನಿಂತು ಮತ್ತೆ ಶುರುವಾಗುವ ಕ್ಷಣದಲ್ಲಿ ಎಣ್ಣೆಯ ಪದರ ಇರುವುದಿಲ್ಲ, ಸವೆತ ಆಗಲೇ ಜಾಸ್ತಿ. ಸಿಗ್ನಲ್ ಬಂದಾಗಲೆಲ್ಲ ಇಂಜಿನ್ ತಾನೇ ನಿಂತು ತಾನೇ ಶುರುವಾಗುವ ಕಾರುಗಳು ಈಗ ಪುಣೆಯ ತುಂಬ ಇವೆ. ನಾಶಿಕ್ ಫಾಟಾದಿಂದ ಶಿವಾಜಿನಗರಕ್ಕೆ ಹೋಗುವಷ್ಟರಲ್ಲಿ ಒಂದು ಕ್ರ್ಯಾಂಕ್ ಶಾಫ್ಟ್ ಎಷ್ಟು ಸಲ ಬೇರಿಂಗ್ ಮೇಲೆ ಬರಿಮೈಯಲ್ಲಿ ಕೂತು ಏಳಬೇಕು, ನೀವೇ ಎಣಿಸಿ. ಇದು ಸಣ್ಣ ವಿಷಯ ಅಲ್ಲ. ಜಗತ್ತು ಬಳಸುವ ಒಟ್ಟು ಶಕ್ತಿಯಲ್ಲಿ ಸುಮಾರು 23 ಶೇಕಡ ತಿಕ್ಕಾಟ ಮತ್ತು ಸವೆತಕ್ಕೆ ಹೋಗುತ್ತದೆ ಎಂದು ಹೋಲ್ಮ್‌ಬರ್ಗ್ ಮತ್ತು ಎರ್ಡೆಮಿರ್ 2017ರಲ್ಲಿ ಅಂದಾಜು ಮಾಡಿದ್ದಾರೆ.

ಇಷ್ಟು ಓದಿದ ಮೇಲೆ ಎಲ್ಲ ಬೇರಿಂಗಿಗೂ ಗುಳಿ ಹೊಡೆಸೋಣ ಅನಿಸುತ್ತದೆ. ನನಗೂ ಅನಿಸಿತ್ತು. ಹಾಗೆ ಮಾಡಬಾರದು. ಅಚ್ಚನ್ನು ಸುತ್ತುವರಿದು ಹೊರುವ ಬೇರಿಂಗಿಗೆ ಜರ್ನಲ್ ಬೇರಿಂಗ್ ಅನ್ನುತ್ತಾರೆ. ಚೆನ್ನಾಗಿ ತೇಲುತ್ತಿರುವ ಅಂಥ ಬೇರಿಂಗಿನ ಮೈತುಂಬ ಗುಳಿ ಹೊಡೆದರೆ ಭಾರ ಹೊರುವ ಶಕ್ತಿ ಕಡಿಮೆಯಾಗುತ್ತದೆ. ಒತ್ತಡ ಅತಿ ಹೆಚ್ಚಿರುವ ಜಾಗದಲ್ಲಿ ಗುಳಿ ಬಂದರೆ, ಕಟ್ಟಿದ ಒತ್ತಡ ಅಲ್ಲೇ ಸಡಿಲವಾಗುತ್ತದೆ. ಲೇಸರ್ ಹೊಡೆದಾಗ ಕರಗಿದ ಲೋಹ ಗುಳಿಯ ಅಂಚಿನಲ್ಲಿ ಉಬ್ಬಿ ನಿಲ್ಲುತ್ತದೆ. ಅದನ್ನು ನುಣ್ಣನೆ ಪುಡಿ ಹಾಕಿ ಉಜ್ಜಿ (ಲ್ಯಾಪಿಂಗ್ ಮಾಡಿ) ತೆಗೆಯದಿದ್ದರೆ ಎದುರಿನ ಮುಖವನ್ನು ಅರದಂತೆ ಉಜ್ಜಿಬಿಡುತ್ತದೆ.

ಹಾಗಾದರೆ ಎಲ್ಲಿ ಹೊಡೆಯಬೇಕು? ಎಟ್ಸಿಯಾನ್ ಮತ್ತು ಜೊತೆಗಾರರು 2003ರಲ್ಲಿ ಥ್ರಸ್ಟ್ ಬೇರಿಂಗಿನ, ಅಂದರೆ ಅಚ್ಚಿನ ಉದ್ದಕ್ಕೆ ಬೀಳುವ ಭಾರ ಹೊರುವ ಬೇರಿಂಗಿನ, ಲೆಕ್ಕ ಮಾಡಿ ತೋರಿಸಿದರು. ಎಣ್ಣೆ ಒಳಗೆ ಬರುವ ಕಡೆ ಮಾತ್ರ ಗುಳಿ ಇರಲಿ, ಉಳಿದ ಭಾಗ ನುಣುಪಾಗಿರಲಿ. ಆಗ ಗುಳಿ ಇರುವ ಭಾಗ ಒಟ್ಟಾಗಿ ಸ್ವಲ್ಪ ತಗ್ಗಿದಂತೆ, ನುಣುಪಾದ ಭಾಗ ಒಂದು ಮೆಟ್ಟಿಲು ಏರಿದಂತೆ ವರ್ತಿಸುತ್ತದೆ. ಲಾರ್ಡ್ ರೇಲಿ 1918ರಲ್ಲೇ ಇಂಥ ಮೆಟ್ಟಿಲಿನ ಬೇರಿಂಗ್ ಭಾರ ಹೊರಲು ಎಲ್ಲಕ್ಕಿಂತ ಒಳ್ಳೆಯದೆಂದು ಲೆಕ್ಕ ಹಾಕಿದ್ದ. ಜರ್ನಲ್ ಬೇರಿಂಗಿನಲ್ಲೂ ಆಮೇಲೆ ಇದೇ ಕಂಡಿತು. ಮೈಯ ಒಂದು ಭಾಗಕ್ಕೆ ಮಾತ್ರ ಗುಳಿ, ಅದೂ ಸರಿಯಾದ ಜಾಗದಲ್ಲಿದ್ದರೆ ಲಾಭ.

ಇದನ್ನು ಓದಿದ ದಿನ ನನಗೆ ಕಾಕಾ ಬುಷ್‌ಗೆ, ಅಂದರೆ ಕೊಳವೆಯಂಥ ಬೇರಿಂಗಿಗೆ, ಎಣ್ಣೆ ಹರಿಯುವ ತೋಡು ಕೊರೆಯುತ್ತಿದ್ದದ್ದು ನೆನಪಾಯಿತು. ಕಂಚಿನ ಬುಷ್ ಕೈಯಲ್ಲಿ ತಿರುಗಿಸಿ, ಭಾರ ಯಾವ ಕಡೆ ಬೀಳುತ್ತದೆ ಎಂದು ಮೊದಲು ಸೀಮೆಸುಣ್ಣದಲ್ಲಿ ಗುರುತು ಹಾಕುತ್ತಿದ್ದರು. "ಆ ಕಡಿ ಕೊರೀಬ್ಯಾಡ. ತುದಿ ತನಾನೂ ಒಯ್ಯಬ್ಯಾಡ, ಎಣ್ಣಿ ಓಡಿ ಹೊಕ್ಕೈತಿ." ಭಾರ ಇಲ್ಲದ ಕಡೆ ತೋಡು, ಭಾರದ ಕಡೆ ನುಣುಪು, ತುದಿಗೆ ಮುಂಚೆ ನಿಲ್ಲಿಸುವುದು.

ಈಗ ನನ್ನ ತಲೆಯಲ್ಲಿರುವ ಪ್ರಶ್ನೆ ಒಂದೇ. ಕಾಕಾ ಹೆರೆದ ಸ್ಯಾಡಲ್ ಸವೆದರೆ ಬಿಚ್ಚಿ ಮತ್ತೆ ಹೆರೆಯಬಹುದು. ಲೇಸರಿನ ಗುಳಿಯ ಆಳ ಬರೀ 10 ಮೈಕ್ರಾನ್. ಅಷ್ಟು ಸವೆದರೆ ಗುಳಿಯೇ ಮಾಯ. ಅದಕ್ಕೇ ಇವತ್ತಿಗೂ ಗುಳಿ ಚೆನ್ನಾಗಿ ನಿಂತಿರುವುದು ಸಿಲಿಕಾನ್ ಕಾರ್ಬೈಡಿನಂಥ ಗಟ್ಟಿ ಸೀಲ್ ಉಂಗುರಗಳ ಮೇಲೆ. ಮೆತ್ತನೆಯ ಬಿಳಿ ಲೋಹದ ಬೇರಿಂಗಿನಲ್ಲಿ ಗುಳಿ ಎಷ್ಟು ದಿನ ಉಳಿದೀತು ಅನ್ನುವುದನ್ನು ಓಡಿಸಿ, ಬಿಚ್ಚಿ, ಅಳೆದೇ ನೋಡಬೇಕು.