ಎಸ್‌ಐ ಜಾಯಿಂಟ್ ನೋವಿಗೆ ಥ್ರಸ್ಟಾ, ಎಂಇಟಿಯಾ, ಮಲ್ಲಿಗನ್ನಾ?

ಎಸ್‌ಐ ಜಾಯಿಂಟ್ ಅಂದರೆ ಬೆನ್ನೆಲುಬಿನ ತಳದ ಮೂಳೆ (ಸೇಕ್ರಂ) ಸೊಂಟದ ಮೂಳೆಗೆ (ಇಲಿಯಂ) ಸೇರುವ ಕೀಲು. ಅದರ ನೋವಿಗೆ ಕೈಯಿಂದ ಕೊಡುವ ಚಿಕಿತ್ಸೆಗಳಲ್ಲಿ ಯಾವುದನ್ನು ಆರಿಸುವುದು ಅನ್ನುವುದೇ ಪ್ರಶ್ನೆ. ಕೋಲಾರದಲ್ಲಿ ಫಿಸಿಯೋಥೆರಪಿ ಪೋಸ್ಟಿಂಗ್ ಇದ್ದಾಗ ಟೊಮೇಟೊ ಮಂಡಿಯಲ್ಲಿ ಕೆಲಸ ಮಾಡುವ ಅಕ್ಕ ಒಬ್ಬರು ಬಂದಿದ್ದರು. ದಿನವಿಡೀ 15 ಕೆಜಿ ಬಾಕ್ಸ್ ಎತ್ತಿ, ಒಂದೇ ಕಡೆ ತಿರುಗಿ ಜೋಡಿಸುವ ಕೆಲಸ. ಎಲ್ಲಿ ನೋವು ಅಂತ ಕೇಳಿದರೆ ಸೊಂಟದ ಮೇಲೆಲ್ಲಾ ಕೈಯಾಡಿಸಲಿಲ್ಲ. ಬಲಗಡೆ ಹಿಂದಿನ ಕುಳಿಯಿಂದ ಸ್ವಲ್ಪ ಕೆಳಗೆ, ಒಳಗೆ, ಒಂದೇ ಬೆರಳಿಟ್ಟರು. ಮತ್ತೆ ಕೇಳಿದಾಗಲೂ ಬೆರಳು ಅಲ್ಲಿಗೇ ಹೋಯಿತು. ಎಸ್‌ಐ ನೋವಿನ ಸುಳಿವು ಕೊಡುವ ಫಾರ್ಟಿನ್ ಫಿಂಗರ್ ಟೆಸ್ಟ್ ಅಂದರೆ ಇದೇ. ಆಮೇಲೆ ಅವರು ಕೇಳಿದ್ದು: "ಮೂಳೆ ಜಾರಿದೆ ಅಂದ್ರು, ಟಕ್ ಅನ್ನಿಸಿ ಕೂರಿಸ್ಬಿಡಿ."

ನಮ್ಮ ಕಡೆ ಉಳುಕು ತೆಗೆಸಿಕೊಂಡು ಬಂದವರೆಲ್ಲಾ ಹೀಗೇ ಕೇಳ್ತಾರೆ, ಅಲ್ವಾ? ಆದರೆ ಈ ಕೀಲು ಅಲ್ಲಾಡುವುದೇ ಎಷ್ಟು? ತಿರುಗುವುದು ಎರಡು-ಮೂರು ಡಿಗ್ರಿ, ಸರಿಯುವುದು ಒಂದೆರಡು ಮಿಲಿಮೀಟರ್. 1998ರಲ್ಲಿ ಟುಲ್‌ಬರ್ಗ್ ತಂಡ ಮೂಳೆಯೊಳಗೆ ಪುಟ್ಟ ಲೋಹದ ಮಣಿ ಇಟ್ಟು, ಥ್ರಸ್ಟ್ (ಕೀಲಿಗೆ ಕೈಯಿಂದ ವೇಗದ ತಳ್ಳು) ಕೊಡುವ ಮುಂಚೆ ಮತ್ತು ಆಮೇಲೆ ಎಕ್ಸ್‌ರೇಯಲ್ಲಿ ಅಳೆದು ನೋಡಿತು. ಮೂಳೆ ಇದ್ದಲ್ಲೇ ಇತ್ತು. ಕೈಯಲ್ಲಿ ಮುಟ್ಟಿ ನೋಡುವ ಪರೀಕ್ಷೆಗಳು ಮಾತ್ರ "ಸರಿಹೋಯಿತು" ಅಂದವು! ನನಗೆ ಇದನ್ನು ಓದಿದ ದಿನ ಬಹಳ ತಳಮಳ ಆಯ್ತು, ಯಾಕೆಂದರೆ ಪಿಎಸ್‌ಐಎಸ್ (ಸೊಂಟದ ಹಿಂದಿನ ಕುಳಿಯ ಹತ್ತಿರದ ಮೂಳೆಯ ಉಬ್ಬು) ಮೇಲೆ ಹೆಬ್ಬೆರಳಿಟ್ಟು "ಈ ಕಡೆ ಮೇಲಿದೆ" ಅಂತ ಬರೆದುಕೊಂಡ ಕೇಸ್ ಶೀಟ್‌ಗಳು ನನ್ನ ಹತ್ತಿರ ರಾಶಿ ಇದ್ದವು.

ಹಾಗಾಗಿ ಮೊದಲು ನೋವು ಕೆರಳಿಸುವ ಟೆಸ್ಟ್‌ಗಳನ್ನೇ ನಂಬಿ. ಡಿಸ್ಟ್ರಾಕ್ಷನ್, ಕಂಪ್ರೆಷನ್, ಥೈ ಥ್ರಸ್ಟ್, ಸೇಕ್ರಲ್ ಥ್ರಸ್ಟ್, ಗೇನ್ಸ್ಲೆನ್: ಇವೆಲ್ಲಾ ಕೀಲಿಗೆ ಒತ್ತಡ ಕೊಟ್ಟು ನೋವು ಬರುತ್ತದಾ ನೋಡುವ ಪರೀಕ್ಷೆಗಳು, ಚಿಕಿತ್ಸೆಯಲ್ಲ. ಮೂರು ಅಥವಾ ಜಾಸ್ತಿ ಪಾಸಿಟಿವ್ ಬಂದು, ಬಂದ ನೋವು ಅವರ ದಿನನಿತ್ಯದ ನೋವೇ ಆಗಿದ್ದರೆ ಎಸ್‌ಐ ಕಡೆ ಯೋಚಿಸಬಹುದು. ಬೆನ್ನನ್ನು ಮತ್ತೆ ಮತ್ತೆ ಬಗ್ಗಿಸಿದಾಗ ಕಾಲಿನ ನೋವು ಸೊಂಟಕ್ಕೆ ಏರಿ ಬಂದರೆ ಡಿಸ್ಕ್ ಕಡೆ ನೋಡಿ.

ಈಗ ಕೈಕೆಲಸ. ಥ್ರಸ್ಟ್ ಅಂದರೆ ತಡೆ ಸಿಕ್ಕ ಕಡೆ ಒಂದು ಚಿಕ್ಕ, ವೇಗದ ತಳ್ಳು. ಶಬ್ದ ಬರುವುದು ಕೀಲಿನ ದ್ರವದಲ್ಲಿ ಗಾಳಿಗುಳ್ಳೆ ಆಗಿ. ಬಿಗಿದ ಸ್ನಾಯು ಸಡಿಲಾಗಿ, ನರಗಳ ಮಟ್ಟದಲ್ಲಿ ನೋವು ತಗ್ಗುತ್ತದೆ ಅನ್ನುವುದೇ ಈಗ ಒಪ್ಪುವ ವಿವರಣೆ. ಬೇಗ ಹಾಯೆನಿಸುತ್ತದೆ ನಿಜ, ಆದರೆ ಮೂಳೆ ಟೊಳ್ಳಾಗಿರುವುದು (ಆಸ್ಟಿಯೊಪೊರೋಸಿಸ್), ಮುರಿತ, ಕ್ಯಾನ್ಸರ್ ಅನುಮಾನ, ಮೂತ್ರದ ಹಿಡಿತ ತಪ್ಪಿರುವುದು, ಇವಿದ್ದರೆ ಮುಟ್ಟಲೇಬೇಡಿ. ಮೇಟ್‌ಲ್ಯಾಂಡ್‌ನಲ್ಲಿ ವೇಗದ ತಳ್ಳು ಇಲ್ಲ, ಕೀಲನ್ನು ಕೈಯಿಂದ ಮೆಲ್ಲಗೆ ತೂಗಾಡಿಸುವುದು; ಎಷ್ಟು ಆಳಕ್ಕೆ ಅನ್ನುವುದಕ್ಕೆ ಗ್ರೇಡ್ ಇವೆ. ನೋವು ಜಾಸ್ತಿ ಇದ್ದರೆ ಗ್ರೇಡ್ 1, 2; ಬಿಗಿತಕ್ಕೆ 3, 4. ಮಲ್ಲಿಗನ್‌ನಲ್ಲಿ ಇಲಿಯಂ ಹಿಡಿದುಕೊಂಡೇ ರೋಗಿ ನೋವಿನ ಚಲನೆ ಮಾಡಬೇಕು. ಆಗಲೇ ನೋವು ಹೋಗದಿದ್ದರೆ ಹಿಡಿತದ ದಿಕ್ಕು ಬದಲಿಸಿ, ಆಗಲೂ ಇಲ್ಲವಾದರೆ ಬಿಟ್ಟುಬಿಡಿ.

ಆ ಅಕ್ಕನಿಗೆ ನಾನು ಆರಿಸಿದ್ದು ಎಂಇಟಿ (ಮಸಲ್ ಎನರ್ಜಿ ಟೆಕ್ನಿಕ್), ಅಂದರೆ ರೋಗಿಯೇ ಸ್ನಾಯು ಬಿಗಿಹಿಡಿದು ಸಡಿಲಿಸುವ ವಿಧಾನ. ಭಯಕ್ಕೆ ಮೈ ಕಲ್ಲಿನ ಹಾಗಿತ್ತು, ಥ್ರಸ್ಟ್ ಕೊಡಲು ಮನಸ್ಸು ಬರಲಿಲ್ಲ. ಅಂಗಾತ ಮಲಗಿಸಿ, ಮಂಡಿಯನ್ನು ಎದೆ ಕಡೆ ತಂದು, "ನನ್ನ ಕೈಯನ್ನು ಕೆಳಗೆ ಒತ್ತಿ, ಪೂರ್ತಿ ಬಲದ ಕಾಲು ಭಾಗ ಸಾಕು" ಅಂದೆ. ನಾನು ಅಲ್ಲಾಡಲು ಬಿಡಲಿಲ್ಲ. 7 ಸೆಕೆಂಡ್, ಉಸಿರು ಬಿಟ್ಟು ಸಡಿಲ, ಮತ್ತೆ ತಡೆ ಸಿಗುವವರೆಗೆ ಒಳಕ್ಕೆ. ಹೀಗೆ 4 ಸಲ. ಪೃಷ್ಠದ ಸ್ನಾಯು ಬಿಟ್ಟುಕೊಟ್ಟಿದ್ದು ಅಂಗೈಗೆ ಗೊತ್ತಾಯಿತು. ಥೈ ಥ್ರಸ್ಟ್ ಮತ್ತೆ ಮಾಡಿದೆ, ನೋವಿತ್ತು, ಕಮ್ಮಿ ಇತ್ತು. ಆಮೇಲೆ ಬ್ರಿಡ್ಜಿಂಗ್ (ಅಂಗಾತ ಮಲಗಿ, ಮಂಡಿ ಮಡಚಿ ಸೊಂಟ ಎತ್ತುವ ವ್ಯಾಯಾಮ) ಹೇಳಿಕೊಟ್ಟೆ. ಕೊನೆಗೆ ಖಾಲಿ ಬಾಕ್ಸ್ ಕೊಟ್ಟು, ಸೊಂಟ ತಿರುಚದೆ ಪಾದ ತಿರುಗಿಸಿ ಇಡುವುದನ್ನು ಅವರಿಂದಲೇ ಹತ್ತು ಸಲ ಮಾಡಿಸಿದೆ.